ಬಾಳವ್ವ ಕೇಳಿದ ಒದೆ

ಮೂಡಲಗಿ ಬಸ್ ನಿಲ್ದಾಣದ ಹತ್ತಿರವಿದ್ದ ಬಾಳವ್ವನ ಖಾನಾವಳಿಗೆ ಜನ ಬರುತ್ತಿದ್ದುದು ಅವಳ ಕೈಯ ಜೋಳದ ರೊಟ್ಟಿಗೆ. ಎಡಗಾಲಿಗೆ ಸಯಾಟಿಕಾ ಬಂದ ಮೇಲೆ ಅವಳಿಗೆ ಒಲೆಯ ಮುಂದೆ ಕೂರಲು ಆಗಲಿಲ್ಲ. ಸೊಂಟದಿಂದ ಮೀನಖಂಡದವರೆಗೆ ಕರೆಂಟ್ ಹರಿದಂತಹ ನೋವು. ಕೂಲಿಗೆ ಬಂದ ಗುಡ್ಡವ್ವನ ರೊಟ್ಟಿ ದಪ್ಪ, ಅಂಚು ಹಸಿ. ಗಿರಾಕಿಗಳು ಕಡಿಮೆಯಾದರು. ದೀಪಾವಳಿಯೊಳಗೆ ತಾನು ಒಲೆಗೆ ಮರಳದಿದ್ದರೆ ಖಾನಾವಳಿ ಮುಚ್ಚುವುದೆಂದು ಬಾಳವ್ವ ಮಗ ಶ್ರೀಶೈಲನಿಗೆ ಹೇಳಿಬಿಟ್ಟಿದ್ದಳು.

ಶಸ್ತ್ರಚಿಕಿತ್ಸೆ ಬೇಕಿಲ್ಲ, ಆದರೆ ಕಾಲಿನ ಬಲ ಕುಗ್ಗಿದರೆ ಕೂಡಲೇ ಬರಬೇಕು ಎಂದು ಡಾಕ್ಟರು ಹೇಳಿದ್ದರು. ಗೋಕಾಕದಲ್ಲಿ ಫಿಜಿಯೋಥೆರಪಿ ಕ್ಲಿನಿಕ್ ಇಟ್ಟಿದ್ದ ದೀಪಾಳ ಹತ್ತಿರ ಕಳಿಸಿದ್ದೂ ಅವರೇ. ದೀಪಾ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವಳು. ವಾರಕ್ಕೆರಡು ಸಲ ಬಾಳವ್ವನ ಸೊಂಟ, ಪೃಷ್ಠಗಳ ಬಿಗಿದ ಸ್ನಾಯುಗಳಿಗೆ ಮಸಾಜ್ ಮಾಡಿ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಹೇಳಿಕೊಡುತ್ತಿದ್ದಳು. ಬಾಳವ್ವನಿಗೆ ನಿದ್ದೆ ಮರಳಿತು. ಆದರೆ ರೊಟ್ಟಿಗೆ ಕೂತು ನೋಡಿದಾಗಲೆಲ್ಲ ನೋವು ತಿರುಗಿ ಬರುತ್ತಿತ್ತು.

ಆ ಹೊತ್ತಿಗೆ ಘೋಡಗೇರಿಯ ಗಿರಾಕಿಯೊಬ್ಬ ಊಟಕ್ಕೆ ಬಂದವನು ಒಂದು ಸುದ್ದಿ ಹೇಳಿದ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂದು ನಂಬುವವರು ಈ ಕಡೆ ಇದ್ದಾರೆ. ದೀಪಾ ಹಾಗೆ ಹುಟ್ಟಿದವಳಂತೆ.

ಮುಂದಿನ ಸಲ ಕ್ಲಿನಿಕ್ಕಿನ ಮಂಚದ ಮೇಲೆ ಬೋರಲು ಮಲಗಿದ ಬಾಳವ್ವ ಮಾತು ತೆಗೆದಳು.

“ಕಾಲ ಮುಂದ ಮಾಡಿ ಹುಟ್ಟಿದಾಕಿ ಅಂತಲ್ಲ ನೀ? ಇಷ್ಟ ದಿನ ಸುಮ್ನ ತಿಕ್ಕಿದಿ. ಒಂದ ಒದಿ ಒದ್ದಿದ್ರ ಮುಗೀತಿತ್ತು.”

“ಯಾರ ಹೇಳಿದ್ರಿ ಕಾಕೂ?” ದೀಪಾ ಕೇಳಿದಳು.

“ನಿಮ್ಮೂರವರ. ಒದಿ ಬೇ, ನಾ ಸಿಟ್ಟಾಗಂಗಿಲ್ಲ.”

ದೀಪಾ ನಕ್ಕಳು. “ಸಣ್ಣಾಕಿ ಇದ್ದಾಗ ಭಾಳ ಮಂದಿಗೆ ಒದ್ದೇನ್ರಿ. ಅರಾಮಾದವರು ಬಂದು ಬಾಳಿಹಣ್ಣ ಕೊಟ್ಟ ಹೋಗತಿದ್ರು. ಆಗದವರು ಯಾಕ ಬರ್ತಾರ? ಹಿಂಗಾಗಿ ನನ್ನ ಹೆಸರ ದೊಡ್ಡದಾತು.”

“ಕಾಲಿಂದು ಸುಳ್ಳಂದ್ರ ಕೈಯಿಂದು ಖರೇನ?”

“ಇಲ್ಲಿಗೆ ಅರಾಮಾಗದವರೂ ತಿರಗಿ ಬರ್ತಾರ್ರಿ, ನಿಮ್ಮಂಗ ಬೈಕೋತ. ಎಲ್ಲಿ ತಪ್ಪಾಕತ್ತೈತಿ ಅಂತ ನನಗ ಗೊತ್ತಾಗತೈತಿ.”

“ಒದಿಯಂಗಿಲ್ಲಂದ್ರ ನಾ ಬರಂಗಿಲ್ಲ ನೋಡ.”

“ಬರಬ್ಯಾಡ್ರಿ. ನಾನ ಬರ್ತೇನಿ. ನೀವು ರೊಟ್ಟಿ ಹೆಂಗ ಬಡೀತೀರಿ, ನೋಡಬೇಕ.”

ಭಾನುವಾರ ದೀಪಾ ಮೂಡಲಗಿಗೆ ಬಂದೇಬಿಟ್ಟಳು. ಬಾಳವ್ವ ಮದುವೆಯಾದಾಗಿನಿಂದ ಕೂರುತ್ತಿದ್ದಂತೆಯೇ ಕೂತು ತೋರಿಸಿದಳು. ಬಲ ಮೊಣಕಾಲು ಎದೆಯ ಹತ್ತಿರ, ಎಡಗಾಲು ಮಡಿಸಿ ನೆಲಕ್ಕೆ, ಮೈಭಾರವೆಲ್ಲ ಎಡಕ್ಕೆ, ಬೆನ್ನು ಬಿಲ್ಲಿನಂತೆ ಬಾಗಿ ರೊಟ್ಟಿ ಬಡಿಯುವ ಹಲಗೆಯತ್ತ.

“ನಾ ಬಿಡಿಸಿದ್ದನ್ನ ಇಲ್ಲಿ ಕೂತ ಮತ್ತ ಬಿಗೀಸ್ಕೊಳ್ಳಾಕತ್ತೀರಿ,” ಎಂದಳು ದೀಪಾ. “ಒಲಿನ ಕಟ್ಟಿ ಮ್ಯಾಲ ಏರಸ್ರಿ. ನಿಂತ ಬಡೀರಿ.”

“ನಿಂತ ಬಡದ್ರ ರೊಟ್ಟಿ ಆಗತಾವೇನ? ಕೂತ್ರನ ಕೈಗೆ ತೂಕ ಬರೂದು.”

ಶ್ರೀಶೈಲ ಬಾಗಿಲಿಂದಲೇ ಹೇಳಿದ: “ಯವ್ವಾ, ಈಗ ನೀ ಕೂತೂ ಬಡಿಯವಲ್ಲಿ, ನಿಂತೂ ಬಡಿಯವಲ್ಲಿ. ತೂಕ ಎಲ್ಲಿಂದ ಬರಬೇಕು?”

ಅವನೇ ಗ್ಯಾಸ್ ಒಲೆಯನ್ನೂ ಹಲಗೆಯನ್ನೂ ಕಟ್ಟೆಯ ಮೇಲಿಟ್ಟ. ಬಾಳವ್ವ ನಿಂತು ಬಡಿದ ಮೊದಲ ರೊಟ್ಟಿ ಹರಿಯಿತು. ಕಟ್ಟೆ ಎತ್ತರವಾಗಿ ಭುಜ ಮೇಲೇರುತ್ತಿರುವುದನ್ನು ಕಂಡ ದೀಪಾ, ಅವಳ ಕಾಲಡಿ ಅಗಲವಾದ ಮಣೆ ಹಾಕಿಸಿದಳು. ಈಗ ಅಂಗೈಯ ಭಾರ ನೇರವಾಗಿ ಹಿಟ್ಟಿನ ಮೇಲೆ ಬಿತ್ತು. ರೊಟ್ಟಿ ದುಂಡಗೆ ತಿರುಗಿತು.

ಬಾಳವ್ವ ಮಸಾಜ್ ತಪ್ಪಿಸಲಿಲ್ಲ. ನೋವು ಮೀನಖಂಡ ಬಿಟ್ಟು ತೊಡೆಗೆ ಬಂತು, ಆಮೇಲೆ ಸೊಂಟದಲ್ಲಷ್ಟೇ ಉಳಿಯಿತು. ಹಾಗೆ ಮೇಲೆ ಸರಿಯುವುದು ಒಳ್ಳೆಯ ಲಕ್ಷಣ ಎಂದು ದೀಪಾ ಹೇಳಿದಳು. ಪೂರ್ತಿ ಹೋಗಿದೆ ಎಂದು ಇಬ್ಬರೂ ಹೇಳಿಕೊಳ್ಳಲಿಲ್ಲ.

ದೀಪಾವಳಿಗೆ ಇನ್ನೂ ಕೆಲವು ದಿನಗಳಿರುವಾಗಲೇ ಒಂದು ಮಧ್ಯಾಹ್ನ, ಊಟದ ಗದ್ದಲವನ್ನೆಲ್ಲ ಒಬ್ಬಳೇ ನಿಂತು ನಿಭಾಯಿಸಿದ ಬಾಳವ್ವ ಕೈ ತೊಳೆದು ಗುಡ್ಡವ್ವನನ್ನು ಕರೆದಳು.

“ನಾಳಿಂದ ನೀ ಪಲ್ಯಾ ನೋಡ್ಕೊ. ರೊಟ್ಟಿ ನಂದು. ಮಂಗಳವಾರ, ಶುಕ್ರವಾರ ನಾ ಗೋಕಾಕಕ್ಕ ಹೋಗಾಕಿ. ಆವಾಗಷ್ಟ ನೀ ಬಡಿ. ಅಂಚ ತೆಳ್ಳಗಿರಲಿ.”