ಎರಡು ಪಟ್ಟಿಯಲ್ಲಿದ್ದ ಹೆಸರು

ಕರೋಶಿಯಿಂದ ಆಚೆ, ಕಾಲುವೆಯ ಪಕ್ಕದ ಆ ಶಾಲೆಯ ಸುತ್ತಲೂ ಆಳೆತ್ತರದ ಕಬ್ಬು. ಡಿಸೆಂಬರಿನ ಒಂದು ಬೆಳಿಗ್ಗೆ ಗಣಿತದ ಶಿಕ್ಷಕಿ ಸೀಮಾ ಏಳನೇ ತರಗತಿಯ ಮಕ್ಕಳನ್ನು ಅಂಗಳಕ್ಕೆ ಕರೆತಂದು, ಒಂದಕ್ಕೊಂದು ತುಸು ಸೇರಿಕೊಂಡಂತೆ ಎರಡು ದೊಡ್ಡ ವೃತ್ತ ಬರೆದಳು. ಮನೆಯಲ್ಲಿ ಕನ್ನಡ ಆಡುವವರು ಒಂದರಲ್ಲಿ, ಮರಾಠಿಯವರು ಇನ್ನೊಂದರಲ್ಲಿ, ಎರಡೂ ಆಡುವವರು ನಡುವೆ.

ರೋಹನ ಎಣಿಸಿದ. "ಕನ್ನಡ ಇಪ್ಪತ್ತೆರಡು, ಮರಾಠಿ ಹದಿನಾರು. ಒಟ್ಟು ಮೂವತ್ತೆಂಟ್ರಿ."

"ವರ್ಗದಾಗ ಮೂವತ್ತೊಂದ ಮಂದಿ ಅದೀರಿ. ಹೆಚ್ಚಿಗಿ ಏಳು ಮಂದಿ ಎಲ್ಲಿಂದ ಬಂದ್ರೋ?"

ಮಕ್ಕಳು ನಕ್ಕರು. ನಡುವೆ ನಿಂತಿದ್ದ ಸೋನಾಲಿ ಕೈ ಎತ್ತಿದಳು. "ನಮ್ಮನ್ನ ಎರಡು ಸಲ ಎಣಿಸ್ಯಾನ್ರಿ ಅಕ್ಕೋರ."

"ಶಾಣ್ಯಾಕಿ! ಎರಡು ಗಣ ಕೂಡಿಸುವಾಗ ನಡುವಿನವರನ್ನ ಒಮ್ಮೆ ಅಷ್ಟ ಹಿಡೀಬೇಕು."

ಮಧ್ಯಾಹ್ನ ಮೂರಕ್ಕೆ ಹೆಡ್‌ಮಾಸ್ತರ ಆಬಾಸಾಹೇಬರಿಗೆ ಅರಣ್ಯ ಇಲಾಖೆಯವರಿಂದ ಫೋನ್ ಬಂತು. ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವವರ ಎದುರಿಗೇ ಚಿರತೆ ಎದ್ದಿತ್ತು. ಕಟ್ಟಿಹಾಕಿದ್ದ ನಾಯಿಯನ್ನು ಕಚ್ಚಿಕೊಂಡು ಕಾಲುವೆಯ ಕಡೆ ಹೋಗಿತ್ತು. ಯಾವ ಮಗುವನ್ನೂ ನಡೆಸಿ ಕಳಿಸಬೇಡಿ ಎಂದರು.

ಉಳಿದ ತರಗತಿಗಳನ್ನು ಬೇರೆ ಶಿಕ್ಷಕರು ನೋಡಿಕೊಂಡರು. ಏಳನೆಯದು ಸೀಮಾ ಮತ್ತು ಆಬಾಸಾಹೇಬರ ಪಾಲಿಗೆ ಬಂತು. ಮಕ್ಕಳನ್ನು ಮನೆಗೆ ಬಿಡಲು ತರಿಸಿದ ಟೆಂಪೊ ಹತ್ತಿದವರ ಹೆಸರನ್ನು ಸೀಮಾ ಬರೆದುಕೊಂಡಳು. ಗೇಟಿನಲ್ಲಿ ಅಪ್ಪ ಅವ್ವಂದಿರು ಬಂದು ಕರೆದೊಯ್ದ ಮಕ್ಕಳ ಹೆಸರನ್ನು ಆಬಾಸಾಹೇಬರು ಬರೆದರು.

ಐದು ಗಂಟೆಗೆ ಶಾಲೆ ಖಾಲಿಯಾಯಿತು. ಆಬಾಸಾಹೇಬರು ಬೆವರು ಒರೆಸಿಕೊಂಡರು. "ನಂದು ಹದಿನೈದು, ನಿಮ್ಮದು ಹದಿನಾರು. ಮೂವತ್ತೊಂದು. ಎಲ್ಲಾರೂ ಹೋಗ್ಯಾರ, ನಡೀರಿ."

ಸೀಮಾ ಬ್ಯಾಗು ಹೆಗಲಿಗೆ ಹಾಕಿದಳು. ಎರಡೂ ಕಾಗದ ಮೇಜಿನ ಮೇಲೆ ಅಕ್ಕಪಕ್ಕ ಬಿದ್ದಿದ್ದವು. ಎರಡರಲ್ಲೂ ರೋಹನನ ಹೆಸರಿತ್ತು.

"ಸರ್, ರೋಹನ ಟೆಂಪೊ ಹತ್ತಿದ್ದ."

"ಹತ್ತಿದ್ದ. ಅವರಪ್ಪ ಭರತ ಬೈಕ್ ತಂದು ಇಳಿಸಿಕೊಂಡು ಹೋದ."

ಹಾಗಾದರೆ ಹೋದವರು ಮೂವತ್ತೇ ಮಂದಿ. ಸೀಮಾ ಹಾಜರಿ ಪುಸ್ತಕದ ಒಂದೊಂದು ಹೆಸರನ್ನೂ ಪಟ್ಟಿಗಳಲ್ಲಿ ಹುಡುಕಿದಳು. ಸೋನಾಲಿ ಎರಡರಲ್ಲೂ ಇರಲಿಲ್ಲ.

ಸೋನಾಲಿಯ ಅವ್ವ ಅಕ್ಕುತಾಯಿ ರಾಯಬಾಗದ ಕಡೆ ಕಬ್ಬು ಕಡಿಯಲು ಹೋಗಿದ್ದಳು. ಅವರ ಗುಡಿಸಲು ಕಾಲುವೆಯ ದಂಡೆಯಲ್ಲಿತ್ತು. ಅಲ್ಲಿ ಒಂದು ಆಡು ಕಟ್ಟಿತ್ತು.

ಆಬಾಸಾಹೇಬರ ಬೈಕು ಇಬ್ಬರನ್ನೂ ಹೊತ್ತು ದಂಡೆಯ ತನಕ ಹೋಯಿತು. ಮುಂದೆ ಕಬ್ಬಿನ ನಡುವಿನ ಕಾಲುದಾರಿ. ಆಬಾಸಾಹೇಬರು ಒಂದು ಕಬ್ಬಿನ ಜಲ್ಲೆ ಮುರಿದುಕೊಂಡರು. ಅದರಿಂದ ಏನೂ ಆಗದೆಂದು ಇಬ್ಬರಿಗೂ ಗೊತ್ತಿತ್ತು. ಬಿಸಿಲು ಇಳಿದಿತ್ತು. ಗಾಳಿಯಿಲ್ಲದೆಯೂ ಎಡಗಡೆ ಕಬ್ಬಿನ ಒಣಗರಿಯ ರವದಿ ಸರಕ್ಕೆಂದಿತು. ಇಬ್ಬರೂ ನಿಂತರು. ಸದ್ದೂ ನಿಂತಿತು.

"ಸೋನಾಲಿ!" ಸೀಮಾ ಕೂಗಿದಳು.

ಗುಡಿಸಲು ಖಾಲಿ. ಗೂಟದಲ್ಲಿ ಆಡೂ ಇಲ್ಲ. ತುಸು ದೂರದಲ್ಲಿ ಮೋಟರ್ ಶೆಡ್ಡಿನ ಮುಂದೆ ಒಂದೇ ಒಂದು ಚಪ್ಪಲಿ. ಸೀಮಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ಧೈರ್ಯ ಮಾಡಿ ತಗಡಿನ ಬಾಗಿಲು ತಳ್ಳಿದಳು. ಒಳಗಿನಿಂದ ಯಾರೋ ಒತ್ತಿ ಹಿಡಿದಿದ್ದರು.

"ಸೋನಾಲಿ, ನಾನ. ನಿಮ್ಮ ಅಕ್ಕೋರು. ಬಾಗಲಾ ತಗಿ ನನ್ನವ್ವ."

ಬಹಳ ಹೊತ್ತಿನ ಮೇಲೆ ಬಾಗಿಲು ಸಡಿಲವಾಯಿತು. ಹುಡುಗಿ ಬಾಗಿಲ ಹಿಂದೆಯೇ ನೆಲದ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಆಡು. ಅದರ ಬಾಯಿಯನ್ನು ಒಂದು ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

"ಇದು ಒಬ್ಬಂಟಿ ಐತಿ ಅಂತ ಸಾಲಿ ಹಿಂದಿನ ಗೋಡಿ ಹಾರಿ ಬಂದ್ನಿ. ಚಿರತಿ ದಂಡಿ ಮ್ಯಾಲ ನಿಂತಿತ್ರಿ... ನನ್ನನ್ನ ನೋಡಾಕತ್ತಿತ್ತು. ಆಡು ಒದರಿದ್ರ ಬರತೈತಿ ಅಂತ ಇದರ ಬಾಯಿ ಹಿಡದೇನ್ರಿ."

ಆಡನ್ನು ಬಿಟ್ಟು ಬರಲು ಅವಳು ಒಪ್ಪಲಿಲ್ಲ. ಆಬಾಸಾಹೇಬರು ಅದನ್ನು ಎತ್ತಿಕೊಂಡು ಮುಂದೆ ನಡೆದರು, ಸೀಮಾ ಹುಡುಗಿಯನ್ನು ಅವಚಿಕೊಂಡು ಹಿಂದೆ. ಬೈಕಿನ ಹತ್ತಿರ ಬರುವ ತನಕ ಕಬ್ಬಿನೊಳಗೆ ಏನೋ ಜೊತೆಜೊತೆಗೇ ಬರುತ್ತಿತ್ತು. ಅದು ಚಿರತೆಯೋ, ಹಂದಿಯೋ, ಯಾರೂ ತಿರುಗಿ ನೋಡಲಿಲ್ಲ.

ಆಡಿನ ಸಮೇತ ಎಲ್ಲರೂ ಶಾಲೆಗೆ ಮರಳಿದರು. ಸುದ್ದಿ ತಿಳಿದ ಅಕ್ಕುತಾಯಿ, ಕೆಲಸದಿಂದ ಮರಳುತ್ತಿದ್ದ ಟ್ರ್ಯಾಕ್ಟರಿನಿಂದ ಹಾರಿ ಶಾಲೆಗೆ ಓಡಿ ಬಂದಳು. ಮಗಳ ಕೆನ್ನೆಗೆ ಒಂದು ಬಿಗಿದು, ಮರುಕ್ಷಣವೇ ತಬ್ಬಿಕೊಂಡು ಕೂತುಬಿಟ್ಟಳು.

ಸೀಮಾಳಿಗೆ ಚಿಕ್ಕೋಡಿಯ ಬಸ್ಸು ಹಿಡಿಯಬೇಕಿತ್ತು. ಸ್ಟಾಪಿಗೆ ಐದು ನಿಮಿಷದ ದಾರಿ. ಆದರೂ ಅವಳು ಶಾಲೆಯ ಮೆಟ್ಟಿಲ ಮೇಲೆ ಕೂತೇ ಇದ್ದಳು.

"ಸರ್, ಅಲ್ಲೀ ತನಕ ಬರ್ತೀರ್ರಿ? ಒಬ್ಬಾಕೀನ ಹೋಗಾಕ ಅಂಜಿಕಿ ಬರಾಕತ್ತೈತಿ."

ಆಬಾಸಾಹೇಬರು ಬೈಕಿನ ಕೀಲಿ ಹುಡುಕುತ್ತಿದ್ದರು.

"ನನಗೂ ಅಂಜಿಕೀನ ಐತಿ ಅಕ್ಕೋರ. ನಡೀರಿ, ಕೂಡೇ ಹೋಗೂನು."