ತೀರಿಹೋದ ಯಜಮಾನರ ಇಮೇಲ್

ಮಟಮಟ ಮಧ್ಯಾಹ್ನ ಇಮೇಲ್ ತೆರೆದ ಫೋಟೊ ಸ್ಟುಡಿಯೋದ ಒಡತಿ ಹಾಗೇ ಕಲ್ಲಾಗಿ ಕೂತಳು. ಕಳಿಸಿದವರ ಜಾಗದಲ್ಲಿ ಗಂಡನ ಹೆಸರು. ಪಕ್ಕದಲ್ಲಿ ಅವನದೇ ನಗುಮುಖ. ಅವನು ತೀರಿಹೋಗಿ ತಿಂಗಳಾಗಿತ್ತು.

'ಪ್ರಿಯೆ, ನನ್ನ ಖಾತೆ ಮುಚ್ಚುತ್ತಿದ್ದಾರೆ. ನನ್ನ ಫೋಟೊ, ನನ್ನ ದನಿ ಎಲ್ಲ ಇವತ್ತೇ ಅಳಿಸಿಹೋಗುತ್ತದೆ. ಕೆಳಗಿನ ಲಿಂಕ್ ಒತ್ತಿ ನನ್ನ ಪಾಸ್‌ವರ್ಡ್ ಕೊಡು.'

ಅವನು ಹಾಡಿದ್ದು, ಗದರಿದ್ದು, ಸುಮ್ಮನೆ ಕೆಮ್ಮಿದ್ದು, ಎಲ್ಲ ರೆಕಾರ್ಡಿಂಗೂ ಆ ಖಾತೆಯಲ್ಲೇ ಇದ್ದವು. ಇನ್ನೆಲ್ಲೂ ಇರಲಿಲ್ಲ. 'ನೀವೇನಾ?' ಎಂದು ಬರೆದು ಕಳಿಸಿಯೇಬಿಟ್ಟಳು. ಮಾಡಬಾರದ್ದು ಅದೇ.

ಕಂಪ್ಯೂಟರ್ ಟಿಣ್ ಎಂದಿತು. 'ಹೌದು, ನಾನೇ. ಬೇಗ.'

ಬೆನ್ನ ಹಿಂದೆ ಪರದೆ, ಅದರ ಮುಂದೆ ಗಿರಾಕಿ ಕೂರುವ ಖಾಲಿ ಸ್ಟೂಲು. ತಿರುಗಿ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ನಾದಿನಿ ಬಂದಳು. ಕಂಪ್ಯೂಟರ್ ಕಲಿಸುವ ಟೀಚರ್ ಅವಳು. ಮೇಲ್ ಓದಿದವಳೇ ಅತ್ತಿಗೆಯ ಕೈ ಹಿಡಿದಳು.

"ಒತ್ತಬೇಡಿ ಅತ್ತಿಗೆ."

"ಬಿಡೇ. ಅವರ ದನಿ ಹೋಗ್ಬಿಡುತ್ತೆ. ಅವರೇ ಕೇಳ್ತಿದ್ದಾರೆ."

"ಅಣ್ಣ ಯಾವತ್ತಾದ್ರೂ ನಿಮ್ಮನ್ನ ಪ್ರಿಯೆ ಅಂದಿದ್ನಾ?"

ಮದುವೆಯಾದಾಗಿನಿಂದ ಆ ಮನುಷ್ಯನ ಬಾಯಲ್ಲಿ 'ಇವಳೇ' ಬಿಟ್ಟು ಬೇರೆ ಬಂದಿದ್ದಿಲ್ಲ.

"ಮತ್ತೆ ಹೆಸರು? ಫೋಟೊ?" ಎಂದಳು ಒಡತಿ.

"ತೀರಿಕೊಂಡ ಸುದ್ದೀನ ಫೋಟೊ ಸಮೇತ ನೆಟ್‌ಗೆ ಹಾಕಿದ್ದು ನಾವೇ ತಾನೆ? ಯಾರ್ ಬೇಕಾದ್ರೂ ಎತ್ಕೋಬಹುದು. ಹೆಸರಿನ ಮೇಲೆ ಒತ್ತಿ ವಿಳಾಸ ನೋಡಿ."

ನೋಡಿದಳು. ಗಂಡನ ವಿಳಾಸವಲ್ಲ, ತಲೆಬುಡವಿಲ್ಲದ ಅಕ್ಷರಗಳ ಸಾಲು.

ಮತ್ತೆ ಟಿಣ್. 'ಯಾಕೆ ತಡ? ನನ್ನ ಮೇಲೆ ಪ್ರೀತಿ ಇಲ್ಲವೇ?'

ಎಲ್ಲೋ ಒಂದು ಕೋಣೆಯಲ್ಲಿ, ಗುರುತಿಲ್ಲದ ಯಾರೋ ಒಬ್ಬ, ಸತ್ತವನ ಮುಖ ಹಾಕಿಕೊಂಡು ಕಾಯುತ್ತ ಕೂತಿದ್ದ.

"ಗಾಬರಿ ಮಾಡ್ಸೋದೇ ಇವರ ಕಸುಬು," ಎಂದಳು ನಾದಿನಿ. "ಆ ಲಿಂಕ್ ಬೇಡ. ಯಾವಾಗಿನ ಹಾಗೆ ನಾವೇ ಅಣ್ಣನ ಖಾತೆಗೆ ಹೋಗಿ ನೋಡೋಣ."

ಹೋದರು. ಎಲ್ಲ ಇತ್ತು. ಒಂದು ರೆಕಾರ್ಡಿಂಗ್ ಹಾಕಿದರು. ಮೊದಲು ಕೆಮ್ಮು, ಆಮೇಲೆ ಆ ಗಡಸು ದನಿ: "ಇವಳೇ, ಬಾಗಿಲು ಹಾಕ್ಕೊಂಡ್ಯಾ?"

"ಹಾಕ್ಕೊಂಡೆ ಕಣ್ರೀ," ಎಂದು ಕಣ್ಣೊರೆಸಿಕೊಂಡು, ಒಡತಿ ಆ ಮೇಲ್ ಮೋಸದ್ದೆಂದು ದೂರು ಕೊಡುವ ಗುಂಡಿ ಒತ್ತಿ ಅಳಿಸಿಹಾಕಿದಳು.

ಓದುಗರೇ, ಇಂಥ ಮೇಲ್ ನಿಮಗೂ ಬರಬಹುದು. ಬ್ಯಾಂಕಿನ ಹೆಸರಲ್ಲಿ, ಸಾಹೇಬರ ಹೆಸರಲ್ಲಿ, ಇಲ್ಲದವರ ಹೆಸರಲ್ಲೂ. ಅವಸರಪಡಿಸಿದರೆ ಅಲ್ಲೇ ನಿಲ್ಲಿ. ವಿಳಾಸ ನೋಡಿ, ಮನೆಯವರಿಗೆ ತೋರಿಸಿ. ಉತ್ತರ ಬರೆಯಬೇಡಿ, ಲಿಂಕ್ ಒತ್ತಬೇಡಿ, ಪಾಸ್‌ವರ್ಡ್ ಕೊಡಲೇಬೇಡಿ. ನಿಮ್ಮನ್ನು ಪ್ರೀತಿಸುವವರು ಹೆದರಿಸಿ ಕೇಳುವುದಿಲ್ಲ.

ಬಾಗಿಲು ಹಾಕಿಕೊಂಡಿದ್ದೀರಿ ತಾನೆ?