ಹೊರಗಿನಿಂದ ಹಾಕಿದ ಬೀಗ

ಸೋಮವಾರದ ಪರೀಕ್ಷೆಗೆ ಹುಡುಗಿ ಬರದಿದ್ದರೆ ಹಾಜರಿಯಿಂದ ಹೆಸರು ಹೊಡೆದುಹಾಕಬೇಕಾಗುತ್ತದೆ ಎಂದು ಮೇಷ್ಟ್ರು ಮನೆ ಬಾಗಿಲಿಗೇ ಬಂದು ಹೇಳಿಹೋದರು. ಹತ್ತು ವರ್ಷದ ಆ ಹುಡುಗಿ ಎರಡು ತಿಂಗಳಿಂದ ಶಾಲೆಯ ಮುಖ ನೋಡಿರಲಿಲ್ಲ. ಎರಡು ವರ್ಷದ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಮನೆ ಕಾಯುತ್ತಿದ್ದಳು. ಅಪ್ಪ ದೂರದ ಊರಿಗೆ ಗಾರೆ ಕೆಲಸಕ್ಕೆ ಹೋದವನು. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳಿಂದ ಇಳಿಬಿದ್ದ ದಾರ ಕತ್ತರಿಸುತ್ತಿದ್ದಳು. ಒಂದು ದಿನ ತಪ್ಪಿಸಿದರೂ ಆ ಜಾಗಕ್ಕೆ ಬೇರೊಬ್ಬಳು ಬರುತ್ತಿದ್ದಳು.

ಅಮ್ಮನೂ ತಂಗಿಯನ್ನು ಎತ್ತಿಕೊಳ್ಳಲೆಂದೇ ನಾಲ್ಕನೇ ತರಗತಿಯಲ್ಲಿ ಶಾಲೆ ಬಿಟ್ಟವಳು. ಮಗಳ ಪಾಡೂ ಹಾಗಾಗಬಾರದೆಂದು ಅವಳ ಹಟ.

ಸೋಮವಾರ ಬೆಳಿಗ್ಗೆ, "ನೀನು ಹೋಗು, ತಮ್ಮನ್ನ ನಾನು ನೋಡ್ಕೋತೀನಿ" ಎಂದು ಮಗಳನ್ನು ಶಾಲೆಗೆ ಕಳಿಸಿದಳು. ಸ್ಟವ್ವು, ಚಾಕು, ಬೆಂಕಿಪೊಟ್ಟಣ ಎಲ್ಲವನ್ನೂ ಅಟ್ಟಕ್ಕೇರಿಸಿದಳು. ಬಕೆಟ್ಟಿನ ನೀರು ಚೆಲ್ಲಿದಳು. ಮಲಗಿದ್ದ ಮಗುವಿನ ಪಕ್ಕ ಎರಡು ಬಿಸ್ಕತ್ತಿಟ್ಟು, ಹೊರಗಿನಿಂದ ಬೀಗ ಜಡಿದು ನಡೆದಳು.

ಕಾರ್ಖಾನೆಯಲ್ಲಿ ಕತ್ತರಿ ನೆಟ್ಟಗೆ ಓಡಲಿಲ್ಲ. ನೀರು ಚೆಲ್ಲಿದೆನೇ? ಚೆಲ್ಲಿದೆ. ಕಿಟಕಿಯ ಕೆಳಗೆ ಕುರ್ಚಿ ಇತ್ತಲ್ಲವೇ? ಅದನ್ನು ಸರಿಸಿದೆನೇ? ನೆನಪಾಗಲಿಲ್ಲ. ಹತ್ತೂವರೆಯ ಹೊತ್ತಿಗೆ ದಾರದ ಜೊತೆ ಅಂಗಿಯ ತೋಳನ್ನೂ ಕತ್ತರಿಸಿಬಿಟ್ಟಳು.

"ಏನಮ್ಮಾ, ಕೈ ಇಲ್ಲಿ, ಮನಸ್ಸೆಲ್ಲಿ?" ಎಂದ ಸೂಪರ್‌ವೈಸರ್.

"ಸಾರ್, ಒಂದು ಗಂಟೆ ಬಿಡಿ. ಮಗು ಒಂದೇ ಇದೆ ಮನೇಲಿ."

"ಹೋಗೋದಾದ್ರೆ ಹಾಗೇ ಹೋಗು. ವಾಪಸ್ ಬರ್ಬೇಡ."

ಕತ್ತರಿಯನ್ನು ಮೇಜಿನ ಮೇಲಿಟ್ಟು ಓಡಿದಳು.

ಮನೆಯ ಬೀಗ ಒಡೆದು ನೇತಾಡುತ್ತಿತ್ತು. ಒಳಗೆ ಕುರ್ಚಿ ಮಗುಚಿಬಿದ್ದಿತ್ತು. ಮಗು ಇರಲಿಲ್ಲ. ಅವಳು ಓಣಿಗೆ ಓಡಿಬಂದಳು.

"ಇಲ್ಲಿದ್ದಾನೆ ಬಾರೇ!"

ಎದುರು ಮನೆಯ ಮುದುಕಿ. ಓಣಿಯವರೆಲ್ಲ ಸಿಡುಕಜ್ಜಿ ಎಂದೇ ಕರೆಯುತ್ತಿದ್ದರು. ನಲ್ಲಿಯ ಬಳಿ ಜಗಳವಾಡಿದ್ದು ಬಿಟ್ಟರೆ ಇವರಿಬ್ಬರ ನಡುವೆ ಮಾತಿರಲಿಲ್ಲ. ಹಣೆಗೆ ಬಟ್ಟೆ ಕಟ್ಟಿಸಿಕೊಂಡ ಮಗು ಅಜ್ಜಿಯ ಮಡಿಲಲ್ಲಿ ಬಾಳೆಹಣ್ಣು ತಿನ್ನುತ್ತಿತ್ತು.

"ಕುರ್ಚಿ ಹತ್ತಿ ಬಿದ್ದು ಅರಚ್ಕೊಂಡ. ಕಲ್ಲು ತಗೊಂಡು ಬೀಗ ಒಡೆದೆ. ಹೊಸ ಬೀಗ ಕೇಳ್ಬೇಡ, ಕೊಡಲ್ಲ. ಬೆಳಗಿಂದ ಸಂಜೆವರೆಗೂ ಎದುರಿಗೇ ನೊಣ ಓಡಿಸ್ಕೊಂಡು ಕೂತಿರ್ತೀನಿ. ನನ್ನ ಒಂದು ಮಾತು ಕೇಳಿದ್ರೆ ಬಾಯಲ್ಲಿರೋ ಮುತ್ತು ಉದುರ್ತಿತ್ತಾ?"

"ನಿಮಗೆ ಕೊಡೋಕೆ ನನ್ನ ಹತ್ರ ಏನಿದೆ ಅಜ್ಜಿ?" ಅವಳಿಗೆ ಅಳು ಒತ್ತರಿಸಿ ಬಂತು.

"ಒಂದು ಹೊತ್ತು ಬಿಸಿ ಊಟ ಕೊಡು. ನನಗೂ ಮಾಡಿಹಾಕೋರು ಯಾರಿದಾರೆ?"

ಮರುದಿನ ಅವಳು ಕಾರ್ಖಾನೆಯ ಗೇಟಿಗೆ ಹೋದಾಗ ಅಲ್ಲೇ ಕೆಲಸ ಮಾಡುವ, ಅದೇ ಓಣಿಯ ನಾಲ್ವರು ಹೆಂಗಸರು ಜೊತೆಗಿದ್ದರು. "ನಾವೂ ಮಕ್ಕಳನ್ನ ಕೂಡಿಹಾಕೇ ಬರೋದು ಸಾರ್. ಇವಳನ್ನ ಒಳಗೆ ಬಿಡದಿದ್ರೆ ನಾವೂ ಬರಲ್ಲ" ಎಂದರು. ಮಾಲು ಕಳಿಸುವ ತುರ್ತಿತ್ತು. ಸೂಪರ್‌ವೈಸರ್ ಗೊಣಗುತ್ತಾ ದಾರಿ ಬಿಟ್ಟ.

ಈಗ ಸಿಡುಕಜ್ಜಿಯ ಪಡಸಾಲೆಯಲ್ಲಿ ಐದು ಮಕ್ಕಳು. ಊಟ ಸರದಿಯ ಮೇಲೆ ಐದು ಮನೆಗಳಿಂದ ಬರುತ್ತದೆ. ಮಗಳು ಪರೀಕ್ಷೆ ಬರೆದಳು. ದಿನಾ ಶಾಲೆಗೆ ಹೋಗುತ್ತಾಳೆ. ಆದರೆ ಅಜ್ಜಿಗೆ ಎಪ್ಪತ್ತು ದಾಟಿದೆ. ರಾತ್ರಿ ಕೆಮ್ಮಿದರೆ ಈಚೆ ಮನೆಯಲ್ಲಿ ಅಮ್ಮ ಎದ್ದು ಕೂರುತ್ತಾಳೆ.

ಕಾರ್ಖಾನೆಯಲ್ಲೇ ಮಕ್ಕಳಿಗೊಂದು ಕೋಣೆ ಬೇಕೆಂದು ಹೆಂಗಸರು ಮ್ಯಾನೇಜರನ್ನು ಎರಡು ಸಲ ಕೇಳಿದ್ದಾರೆ. "ನೋಡೋಣ" ಎಂದಷ್ಟೇ ಅವರು ಹೇಳಿದ್ದಾರೆ. ಮುಂದಿನ ವಾರ ಹೆಂಗಸರು ಮತ್ತೆ ಹೋಗುವವರಿದ್ದಾರೆ. ಈ ಸಲ ಹನ್ನೊಂದು ಜನ.